ಕಿಂಗ್ ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ನಮ್ಮ ಬೀದೀಲಿ ಸ್ಟ್ರೀಟ್ ಪಾರ್ಟಿ: ಕೌನ್ಸಿಲ್ ಅರ್ಜಿ, ಊಟ, ಎಲ್ಲದಕ್ಕೂ ಸ್ವಲ್ಪ ಸಲಹೆ ಬೇಕು

ಹಾಸನದ ಸೊಸೆ (4 ಮಾರ್ಚ್ 2023)

ಎಲ್ರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಸಣ್ಣದೊಂದು ಊರಲ್ಲಿ, ಈ ಬೀದಿಗೆ ಬಂದಿದ್ದು ಹೋದ ವರ್ಷ. ಮೇ 6 ಶನಿವಾರ ಕಿಂಗ್ ಚಾರ್ಲ್ಸ್ ಪಟ್ಟಾಭಿಷೇಕ ಅಲ್ವಾ, ಅದಕ್ಕೆ ಕೌನ್ಸಿಲ್‌ನೋರು (ಇಲ್ಲಿನ ಸ್ಥಳೀಯ ಆಡಳಿತದೋರು) ಮನೆಮನೆಗೆ ಕರಪತ್ರ ಹಾಕಿಹೋಗಿದಾರೆ, ಬೀದಿ ಬಂದ್ ಮಾಡಿ ಪಾರ್ಟಿ ಮಾಡೋರು ಅರ್ಜಿ ಹಾಕಿ, ಈ ಸಲ ರೋಡ್ ಮುಚ್ಚೋಕೆ ಫೀಸ್ ತಗೊಳ್ಳಲ್ಲ, ಆದ್ರೆ ಮಾರ್ಚ್ ಮುಗಿಯೋದ್ರೊಳಗೆ ಅರ್ಜಿ ಬಂದಿರ್ಬೇಕು ಅಂತ.

ಪಕ್ಕದ ಮನೇಲಿ ಒಬ್ರು ವಯಸ್ಸಾದ ಅಮ್ಮ ಇದಾರೆ. 1953ರ ಜೂನ್ 2ಕ್ಕೆ ಎಲಿಜಬೆತ್ ರಾಣಿ ಪಟ್ಟಾಭಿಷೇಕ ಆದಾಗ ಅವರು ಸ್ಕೂಲ್‌ಗೆ ಹೋಗೋ ಹುಡುಗಿಯಂತೆ, ಸಕ್ಕರೆ ಇನ್ನೂ ರೇಷನ್‌ನಲ್ಲಿತ್ತಂತೆ, ಬೀದಿಯೋರೆಲ್ಲ ಮನೆ ಸಕ್ಕರೆ ಉಳಿಸಿ ಉಳಿಸಿ ಮಕ್ಕಳಿಗೆ ಕೇಕ್ ಮಾಡಿದ್ರಂತೆ, ಟಿವಿ ಇದ್ದಿದ್ದು ಒಂದೇ ಮನೇಲಿ, ಎಲ್ರೂ ಅಲ್ಲೇ ನೆಲದ ಮೇಲೆ ಕೂತು ನೋಡಿದ್ರಂತೆ. ಇನ್ನೊಂದ್ಸಲ ಅಂಥದ್ದು ನೋಡ್ಬೇಕು ಅಂತ ಅವರಿಗೆ ಬಹಳ ಆಸೆ. ನೀನು ಕಂಪ್ಯೂಟರ್ ಕೆಲಸದವಳು, ಫಾರ್ಮ್ ನೀನೇ ತುಂಬು ಅಂದ್ರು, ನಾನು ಹೂಂ ಅಂದೆ.

ಈಗ ಫಾರ್ಮ್ ತೆಗೆದ್ರೆ ಪ್ಲಾನ್ ಕೇಳತ್ತೆ, ಅಕ್ಕಪಕ್ಕದೋರ ಒಪ್ಪಿಗೆ ಕೇಳತ್ತೆ, ಇನ್ಶೂರೆನ್ಸ್ ಇದ್ಯಾ ಅಂತ ಕೇಳತ್ತೆ. ಯಾರಾದ್ರೂ ಮಾಡಿದೀರಾ? ಮೇ 6ಕ್ಕೇ ಇಟ್ಕೋಬೇಕಾ ಇಲ್ಲ ಭಾನುವಾರನಾ? ನಮ್ಮ ಅಡುಗೆ ಮಾಡಿ ಇಡಬಹುದಾ? ಅವರಿಗೆ ಬೇಜಾರಾಗ್ಬಾರದು, ಅದೊಂದೇ ನನಗೆ.

ಧಾರ್ವಾಡದಂವ (4 ಮಾರ್ಚ್)

ಅಕ್ಕಾರ, ಹೋದ ಜೂನ್‌ದಾಗ ರಾಣಿಯವರ ಪ್ಲಾಟಿನಮ್ ಜುಬಿಲಿಗೆ (ಪಟ್ಟಕ್ಕ ಬಂದು 70 ವರ್ಷ ಆದದ್ದಕ್ಕ) ನಮ್ಮ ಓಣ್ಯಾಗ ಮಾಡೀವಿ, ಅದಕ್ಕ ಧೈರ್ಯಲೆ ಹೇಳಾಕತ್ತೀನಿ. ಮೊದಲನೇ ಮಾತು, ಕೌನ್ಸಿಲ್ ಪಾರ್ಟಿ ಮಾಡಿ ಕೊಡೂದಿಲ್ಲ. ಅದು ರಸ್ತೆ ಕೊಡ್ತದ ಅಷ್ಟ. ಟೇಬಲ್ಲು ಕುರ್ಚಿ ಊಟ ಮಕ್ಕಳ ಆಟ ಎಲ್ಲಾ ಓಣಿಯವರದ, ಹಿಂಗಾಗಿ ಫಾರ್ಮ್‌ಕಿಂತ ಮೊದಲು ನೀವು ಮಾಡಬೇಕಾದ ಕೆಲಸ ಅಂದ್ರ ಗಣಪತಿ ಚಂದಾ ಎತ್ತಾಕ ಹೋಗೂ ಹಂಗ ಒಂದೊಂದ ಮನಿ ಬಾಗಿಲಾ ಬಡಿಯೂದು. ಆ ದಿನ ಯಾರಿಗೆ ಡ್ಯೂಟಿ ಐತಿ, ಯಾರಿಗೆ ಕಾರ್ ಹೊರಗ ಬೇಕು, ಯಾರ ಮನಿಗೆ ವಯಸ್ಸಾದವರನ್ನ ನೋಡಿಕೊಳ್ಳೂ ಕೇರರ್ ಬರ್ತಾರ, ಎಲ್ಲಾ ಬರ್ಕೊಳ್ರಿ. ನರ್ಸ್ ಕೆಲಸದವರು ಇದ್ರ ಅವರ ಕಾರ್ ಹಿಂದಿನ ದಿನನ ಬ್ಯಾರೆ ಓಣ್ಯಾಗ ಇಡಸ್ರಿ. ಇಷ್ಟ ಮಾಡಿದ್ರ ಒಪ್ಪಿಗೆ ತಾನ ಬರ್ತದ.

ಇನ್ನ ಫಾರ್ಮ್. ನಿಮ್ಮದು ಬಸ್ ಹೋಗೂ ರಸ್ತೆ ಇದ್ರ ಕೊಡೂದು ಕಷ್ಟ, ಮುಂದ ದಾರಿ ಇಲ್ಲದ ಸಣ್ಣ ಓಣಿ ಇದ್ರ ಬಹಳ ಸಲೀಸು. ಪ್ಲಾನ್ ಅಂದ್ರ ಹೆದರಬ್ಯಾಡ್ರಿ, ಮ್ಯಾಪ್ ಪ್ರಿಂಟ್ ತಗದು ಎಲ್ಲಿಂದ ಎಲ್ಲಿತನಕ ಮುಚ್ಚತೀರಿ ಅಂತ ಪೆನ್ನಿಲೆ ಗೆರಿ ಹೊಡದು ಕಳಸ್ರಿ. ಫೈರ್ ಎಂಜಿನ್, ಆಂಬುಲೆನ್ಸ್ ಬಂದ್ರ ಟೇಬಲ್ ಪಟಾ ಪಟಾ ಸರಸೂ ಹಂಗಿರಬೇಕು, ಅದನ್ನ ಕಟ್ಟುನಿಟ್ಟಾಗಿ ನೋಡ್ತಾರ. ಇನ್ಶೂರೆನ್ಸ್ ಕಾನೂನಿನ್ಯಾಗ ಕಡ್ಡಾಯ ಇಲ್ಲ, ಆದ್ರ ಕೆಲವು ಕೌನ್ಸಿಲ್ ಕೇಳ್ತಾವ. ಒಂದ ದಿನದ ಪಾಲಿಸಿ ಸಿಗ್ತದ, ಮನಿಮನಿಗೆ ಹಂಚಿಕೊಂಡ್ರ ಹಗುರ.

ಮತ್ತ ಕುಡಿಯೂದು. ತಾವ ತಂದು ಹಂಚಿಕೊಂಡ್ರ ಲೈಸೆನ್ಸ್ ಬ್ಯಾಡ. ದುಡ್ಡಿಗೆ ಮಾರಿದ್ರ ಟೆಂಪರರಿ ಇವೆಂಟ್ ನೋಟಿಸ್ ಕೊಡಬೇಕು, 21 ಪೌಂಡ್, 10 ಕೆಲಸದ ದಿನ ಮುಂಚಿತ. ನಾವಂತೂ ಮಾರೂ ಗೋಜಿಗೆ ಹೋಗಲಿಲ್ಲ. ರಾಫಲ್ (ಲಕ್ಕಿ ಡ್ರಾ) ಇಟ್ರ ಟಿಕೆಟ್ ಅದ ದಿನ ಅಲ್ಲೇ ಮಾರ್ರಿ, ಮುಂಚೆ ಮಾರಬ್ಯಾಡ್ರಿ.

ದಿನ ಭಾನುವಾರನ ಇಟ್ಕೊಳ್ರಿ. ಶನಿವಾರ 11ಕ್ಕ ವೆಸ್ಟ್‌ಮಿನ್‌ಸ್ಟರ್ ಅಬಿಯೊಳಗ ಪಟ್ಟಾಭಿಷೇಕ ಸುರು, ಅದಕಿಂತ ಮೊದಲ ಮೆರವಣಿಗಿ, ಮುಗದ ಮ್ಯಾಲೆ ಮತ್ತ ಮೆರವಣಿಗಿ, ವಿಮಾನ, ಎಲ್ಲಾರೂ ಟಿವಿ ಮುಂದ ಇರ್ತಾರ, ಮೊದಲ ನಿಮ್ಮ ಮಗ್ಗಲ ಮನಿ ಅಮ್ಮಾರು.

ಕೌನ್ಸಿಲ್ ಕನ್ನಡಿಗ (5 ಮಾರ್ಚ್)

ನಾನು ಒಂದು ಡಿಸ್ಟ್ರಿಕ್ಟ್ ಕೌನ್ಸಿಲ್‌ನಲ್ಲಿ ಕೆಲಸ ಮಾಡ್ತೀನಿ, ಆ ಕಡೆಯಿಂದ ಹೇಗೆ ಕಾಣತ್ತೆ ಅಂತ ಹೇಳ್ತೀನಿ. ಬಹಳ ಜನಕ್ಕೆ ಗೊಂದಲ ಆಗೋದು ಯಾವ ಕೌನ್ಸಿಲ್‌ಗೆ ಅರ್ಜಿ ಅನ್ನೋದ್ರಲ್ಲಿ. ಎರಡು ಹಂತ ಇರೋ ಕಡೆ ರಸ್ತೆ ರಿಪೇರಿ ಎಲ್ಲ ಕೌಂಟಿ ಕೌನ್ಸಿಲ್‌ದು, ಆದ್ರೆ ಹಬ್ಬಕ್ಕೆ ರಸ್ತೆ ಮುಚ್ಚೋ ಆರ್ಡರ್ ಸಾಮಾನ್ಯವಾಗಿ ಡಿಸ್ಟ್ರಿಕ್ಟ್ ಕೌನ್ಸಿಲ್ ಕೊಡತ್ತೆ, 1847ರ ಟೌನ್ ಪೊಲೀಸ್ ಕ್ಲಾಸಸ್ ಆಕ್ಟ್ ಅಂತ ವಿಕ್ಟೋರಿಯಾ ಕಾಲದ ಕಾಯ್ದೆ ಇದೆ, ಮೆರವಣಿಗೆ ಉತ್ಸವಕ್ಕೆ ಜನ ಸೇರಿದಾಗ ರಸ್ತೆ ಕಟ್ಟೋ ಅಧಿಕಾರ ಅದರ 21ನೇ ಸೆಕ್ಷನ್‌ದು, ಇವತ್ತಿಗೂ ಅದೇ ನಡೀತಿದೆ. ಯುನಿಟರಿ ಕೌನ್ಸಿಲ್ ಆದ್ರೆ ಎಲ್ಲ ಒಂದೇ ಕಡೆ.

ಇನ್ನು ನಿಮ್ಮೂರಿಗೆ ಪ್ಯಾರಿಷ್ ಕೌನ್ಸಿಲ್ ಅಥವಾ ಟೌನ್ ಕೌನ್ಸಿಲ್ ಇದ್ರೆ ಅಲ್ಲಿನ ಕ್ಲರ್ಕ್‌ಗೆ ಒಂದು ಮೇಲ್ ಹಾಕಿ. ಇದು ಎಲ್ಲಕ್ಕಿಂತ ಕೆಳಗಿನ ಹಂತ, ನಮ್ಮ ಗ್ರಾಮ ಪಂಚಾಯ್ತಿ ಹತ್ರ ಬರತ್ತೆ ಅಂದ್ಕೊಳ್ಳಿ, ಕೌನ್ಸಿಲ್ ಟ್ಯಾಕ್ಸ್ ಬಿಲ್‌ನಲ್ಲಿ ಅವರದ್ದೊಂದು ಸಣ್ಣ ಸಾಲು ಬೇರೆ ಇರತ್ತೆ ನೋಡಿ. ಮನರಂಜನೆ, ಉತ್ಸವಕ್ಕೆ ದುಡ್ಡು ಖರ್ಚು ಮಾಡೋಕೆ 1972ರ ಲೋಕಲ್ ಗವರ್ನ್‌ಮೆಂಟ್ ಆಕ್ಟ್‌ನಲ್ಲಿ ಅವರಿಗೆ ಅಧಿಕಾರ ಇದೆ. ಪಾರ್ಕ್‌ನಲ್ಲಿ ದೊಡ್ಡ ಸ್ಕ್ರೀನ್, ಬ್ಯಾಂಡ್, ಮಕ್ಕಳಿಗೆ ನೆನಪಿನ ಕಾಣಿಕೆ ಮಗ್, ಇಂಥದ್ದೆಲ್ಲ ಮಾಡೋದು ಹೆಚ್ಚಾಗಿ ಅವರೇ. ಬಂಟಿಂಗು (ಬೀದಿಗೆ ಕಟ್ಟೋ ಬಣ್ಣದ ಬಾವುಟದ ತೋರಣ), ರೋಡ್ ಕ್ಲೋಸ್ಡ್ ಬೋರ್ಡು ಎರವಲು ಕೊಡೋ ಪ್ಯಾರಿಷ್‌ಗಳಿವೆ, ಕೇಳಿದ್ರೆ ತಪ್ಪಿಲ್ಲ.

ದೊಡ್ಡ ಕೌನ್ಸಿಲ್‌ಗಳ ಕೈ ಈಗ ಬಹಳ ಕಟ್ಟಿದೆ. ಹೋದ ನವೆಂಬರ್‌ನಲ್ಲಿ ಕ್ರೊಯ್ಡನ್, ಡಿಸೆಂಬರ್‌ನಲ್ಲಿ ಥರಕ್, ಎರಡೂ ಸೆಕ್ಷನ್ 114 ನೋಟಿಸ್ ಹೊರಡಿಸಿ ಬಜೆಟ್ ಸರಿದೂಗಿಸೋಕಾಗಲ್ಲ ಅಂತ ಹೇಳಿವೆ. ಹಂಗಾಗಿ ಫೀಸ್ ಬಿಟ್ಟುಕೊಡೋದೇ ಒಂದು ದೊಡ್ಡ ಸಹಾಯ ಅಂತ ನನಗನ್ಸತ್ತೆ. ದಯವಿಟ್ಟು ಅರ್ಜಿ ಕೊನೆ ವಾರಕ್ಕೆ ಇಟ್ಕೋಬೇಡಿ. ಮೇ 4ಕ್ಕೆ ಇಂಗ್ಲೆಂಡಿನ ಬಹಳಷ್ಟು ಕಡೆ ಲೋಕಲ್ ಎಲೆಕ್ಷನ್ ಇದೆ, ಪಟ್ಟಾಭಿಷೇಕಕ್ಕೆ ಎರಡೇ ದಿನ ಮುಂಚೆ. ಉತ್ತರ ಐರ್ಲೆಂಡ್‌ನೋರು ಮತ ಎಣಿಕೆ ಪಟ್ಟಾಭಿಷೇಕದ ದಿನಕ್ಕೇ ಬಂದುಬಿಡತ್ತೆ ಅಂತ ಎಲೆಕ್ಷನ್ನೇ ಮೇ 18ಕ್ಕೆ ಹಾಕ್ಕೊಂಡ್ರು. ನಮ್ಮಲ್ಲಿ ಎರಡೂ ಕೆಲಸ ಒಟ್ಟಿಗೆ ನಡೀಬೇಕು.

ಇದೇ ಮಾತಿಗೆ ಇನ್ನೊಂದು. ಇಂಡಿಯನ್ ಪಾಸ್‌ಪೋರ್ಟ್ ಇದ್ರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ಇಲ್ಲಿ ವೋಟ್ ಹಾಕೋ ಹಕ್ಕು ನಮಗಿದೆ, ಬಹಳ ಜನ ಹೆಸರೇ ಸೇರ್ಸಿರಲ್ಲ. ಏಪ್ರಿಲ್ 17 ಕೊನೇ ದಿನ. ಈ ಸಲ ಇಂಗ್ಲೆಂಡ್‌ನಲ್ಲಿ ಮೊದಲ ಬಾರಿ ಫೋಟೋ ಐಡಿ ಕೇಳ್ತಾರೆ, ನಮ್ಮ ಪಾಸ್‌ಪೋರ್ಟ್ ನಡೆಯತ್ತೆ. ಬೀದಿ ಹಬ್ಬಕ್ಕೆ ಬಾಗಿಲು ಬಡೀತೀರಲ್ಲ, ಹೊಸದಾಗಿ ಬಂದಿರೋ ನಮ್ಮೋರು ಸಿಕ್ರೆ ಇದನ್ನೂ ಹೇಳಿ.

ಗೌರಿಬಿದನೂರು (6 ಮಾರ್ಚ್)

ಎಲ್ರೂ ಉತ್ಸಾಹದಲ್ಲಿದೀರಿ, ನಾನು ಸ್ವಲ್ಪ ಬೇರೆ ಮಾತಾಡ್ತೀನಿ, ಬೇಜಾರ್ ಮಾಡ್ಕೋಬೇಡಿ. ನಾನು ವಿದುರಾಶ್ವತ್ಥದ ಪಕ್ಕದೂರಿನೋನು. 1938ರಲ್ಲಿ ಕಾಂಗ್ರೆಸ್ ಬಾವುಟ ಹಾರಿಸೋಕೆ ಸೇರಿದ ಜನರ ಮೇಲೆ ಅಲ್ಲಿ ಗುಂಡು ಹಾರಿಸಿದ್ರು, ನಮ್ಮ ಮನೇಲಿ ಆ ಕತೆ ಕೇಳ್ಕೊಂಡೇ ಬೆಳೆದಿದ್ದು. ರಾಜ ಅನ್ನೋ ಮಾತಿಗೆ ಚಪ್ಪಾಳೆ ಹೊಡೆಯೋಕೆ ನನಗೆ ಮನಸ್ಸೇ ಬರಲ್ಲ, ಅದು ಲಂಡನ್‌ದಾಗ್ಲಿ ಇನ್ನೆಲ್ಲಿದಾಗ್ಲಿ. ಕೊಹಿನೂರ್ ಇರೋ ಕಿರೀಟ ಈ ಸಲ ಹಾಕ್ಕೊಳ್ಳಲ್ಲ, ಕಮಿಲಾ ಅವರಿಗೆ ಕ್ವೀನ್ ಮೇರಿಯ ಕಿರೀಟ ಅಂತ ಫೆಬ್ರವರಿಯಲ್ಲಿ ಅರಮನೆಯೋರು ಹೇಳಿದ್ರಲ್ಲ, ಆ ಕಿರೀಟನೂ 1911ರದ್ದು, ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ದರ್ಬಾರ್ ಆಗಿದ್ದು. ಇದೆಲ್ಲ ಮರೆತು ಬಂಟಿಂಗ್ ಕಟ್ಟೋಕೆ ನನ್ನಿಂದಾಗಲ್ಲ.

ಆದ್ರೆ ಹಾಸನದೋರೆ, ನಿಮ್ಮನ್ನ ಬೇಡ ಅಂತಿಲ್ಲ. ಫಾರ್ಮ್‌ನಲ್ಲಿ ರಾಜನಿಗೆ ಜೈ ಅನ್ನಿ ಅಂತೇನೂ ಇಲ್ಲ. ನಮ್ಮ ಬೀದೀಲೂ ಮಾಡ್ತಿದಾರೆ, ಶನಿವಾರ ಟಿವಿ ಮುಂದೆ ಕೂರಲ್ಲ, ಭಾನುವಾರ ಊಟಕ್ಕೆ ಮಾತ್ರ ಬರ್ತೀನಿ ಅಂತ ಮೊದಲೇ ಹೇಳಿದೀನಿ, ಅವರೂ ಸರಿ ಅಂದ್ರು. ಬೀದೀಲಿ ನನ್ನಂಥೋರು ಇಂಗ್ಲಿಷರಲ್ಲೂ ಇರ್ತಾರೆ, ರಾಜಮನೆತನಾನೇ ಬೇಡ ಅನ್ನೋರು ಈ ದೇಶದಲ್ಲಿ ಕಡಿಮೆ ಏನಿಲ್ಲ, ಐರಿಷ್ ಮನೆತನದೋರೂ ಇರಬಹುದು. ಚೀಟಿ ಹಾಕೋವಾಗ ಬೀದಿ ಊಟ ಅಂತ ದೊಡ್ಡದಾಗಿ ಬರೀರಿ, ಪಟ್ಟಾಭಿಷೇಕ ಅಂತ ಅದರ ಕೆಳಗೆ ಬರೀರಿ. ಆಗ ಅವರೂ ಬರ್ತಾರೆ.

ಹಾಸನದ ಸೊಸೆ (6 ಮಾರ್ಚ್)

ಗೌರಿಬಿದನೂರು ಅಣ್ಣ, ಚೀಟಿ ವಿಷಯ ನಂಗೆ ಹೊಳೆದೇ ಇರ್ಲಿಲ್ಲ, ಹಾಗೇ ಮಾಡ್ತೀನಿ. ನಂಗೂ ರಾಜನ ಮೇಲೆ ಅಂಥ ಭಕ್ತಿ ಏನಿಲ್ಲ, ಆ ಅಮ್ಮನ ಮೇಲೆ ಇದೆ. ನಾವು ಮನೆ ಬದಲಾಯಿಸಿದ ದಿನ ಮೊದಲು ಚಹಾ ತಂದುಕೊಟ್ಟಿದ್ದು ಅವರೇ.

ಊಟದ ಬಗ್ಗೆ ಯಾರೂ ಹೇಳ್ಲಿಲ್ಲ. ಚಿತ್ರಾನ್ನ, ಕೋಸಂಬರಿ, ಮದ್ದೂರು ವಡೆ ಅಂತ ಅಂದ್ಕೊಂಡಿದೀನಿ.

ಕುಂದಾಪ್ರದ ಅತ್ತಿಗೆ (7 ಮಾರ್ಚ್)

ಧಾರಾಳ ಮಾಡಿ ಮಾರಾಯ್ರೆ, ಆದ್ರೆ ಅಲರ್ಜಿ ವಿಷಯ ನಿರ್ಲಕ್ಷ್ಯ ಬೇಡ. ನಾನು ಶಾಲೆ ಕಿಚನ್‌ನಲ್ಲಿ ಕೆಲಸ ಮಾಡೂದು, ದಿನಾ ಇದೇ ನಮ್ಗೆ. ಇಲ್ಲಿ ಕಾನೂನಿನಲ್ಲಿ 14 ಅಲರ್ಜಿ ಪದಾರ್ಥಗಳ ಪಟ್ಟಿ ಉಂಟು. ಕಡಲೆಬೀಜ ಎಲ್ಲರಿಗೂ ಗೊತ್ತು, ಆದ್ರೆ ಸಾಸಿವೆ ಕೂಡ ಆ ಪಟ್ಟಿಯಲ್ಲಿ ಉಂಟು ಅಂತ ನಮ್ಮವರಿಗೆ ಗೊತ್ತೇ ಇರೂದಿಲ್ಲ. ನಮ್ಮ ಒಗ್ಗರಣೆ ಶುರುವಾಗೂದೇ ಸಾಸಿವೆಯಿಂದ ಅಲ್ದಾ? ಎಳ್ಳು ಉಂಟು, ಹಾಲು ಉಂಟು, ಗೋಡಂಬಿ ಉಂಟು. ಇಂಗಿನ ಡಬ್ಬಿ ತಿರುಗಿಸಿ ನೋಡಿ, ಹೆಚ್ಚಿನದಕ್ಕೆ ಗೋಧಿ ಹಿಟ್ಟು ಸೇರ್ಸಿರ್ತಾರೆ, ಗ್ಲುಟನ್ ಆಗದವರಿಗೆ ನಿಮ್ಮ ಕೋಸಂಬರಿಯೂ ಆಗೂದಿಲ್ಲ. ಅಕ್ಕಿ, ಬೇಳೆ ಅಲ್ವಾ ಅಂತ ಹೇಳಿ ಕೊಟ್ರೆ ಕಷ್ಟ.

ನೀವು ವ್ಯಾಪಾರಕ್ಕೆ ಮಾಡೂದಲ್ಲ, ವರ್ಷಕ್ಕೊಮ್ಮೆ ಬೀದಿಯವರಿಗೆ ಮಾಡೂದು, ಅದಕ್ಕೆ ರಿಜಿಸ್ಟ್ರೇಶನ್ ಎಲ್ಲ ಬೇಡ. ಆದ್ರೂ ಒಂದೊಂದು ಪಾತ್ರೆ ಮುಂದೆ ಚೀಟಿ ಇಡಿ, ಏನೇನು ಹಾಕಿದ್ದು ಅಂತ ಪೂರ್ತಿ ಬರೀರಿ. ಒಂದು ಪಾತ್ರೆ ಚಿತ್ರಾನ್ನ ಕಡಲೆಬೀಜ ಇಲ್ಲದೆ ಬೇರೆಯೇ ಒಗ್ಗರಣೆ ಹಾಕಿ ಮಾಡಿ, ಸೌಟು ಕೂಡ ಬೇರೆ. ಅನ್ನ ಹಿಂದಿನ ರಾತ್ರಿದು ಬೇಡವೇ ಬೇಡ, ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಖಾಲಿ ಆಗ್ಬೇಕು. ಮದ್ದೂರು ವಡೆ ಒಳ್ಳೆ ಆಯ್ಕೆ, ಕೈಯಲ್ಲೇ ಹಿಡ್ಕೊಂಡು ತಿನ್ನಬಹುದು, ಆರಿದ್ರೂ ರುಚಿ. ರವೆ ಮೈದಾ ಇರೂದ್ರಿಂದ ಅದಕ್ಕೂ ಗೋಧಿ ಅಂತ ಬರೀರಿ.

ಕುಂದಾಪ್ರದ ಅತ್ತಿಗೆ (18 ಏಪ್ರಿಲ್)

ಪಟ್ಟಾಭಿಷೇಕದ್ದು ಅಂತ ಅರಮನೆಯಿಂದ ಕೀಶ್ (ಒಲೆಯಲ್ಲಿ ಬೇಯಿಸುವ ಖಾರದ ಪೈ) ರೆಸಿಪಿ ಬಿಟ್ಟಿದ್ದಾರೆ ನೋಡಿದ್ರಾ? ಪಾಲಕ್, ಬ್ರಾಡ್ ಬೀನ್ಸ್, ಟ್ಯಾರಗನ್ ಸೊಪ್ಪು, ಚೆಡ್ಡರ್ ಚೀಸ್. ಸೊಪ್ಪು ತರಕಾರಿಯದ್ದು ಅಂತ ಸಸ್ಯಾಹಾರಿಗಳು ತಕ್ಷಣ ತಗೊಳ್ಬೇಡಿ, ಮೊಟ್ಟೆ ಅಂತೂ ಉಂಟೇ, ಹಿಟ್ಟಿಗೆ ಲಾರ್ಡ್ ಅಂದ್ರೆ ಹಂದಿ ಕೊಬ್ಬು ಕೂಡ ಬರೆದಿದ್ದಾರೆ. ಬೀದಿಯಲ್ಲಿ ಮುಸ್ಲಿಂ ಮನೆಯವರು ಇದ್ರೆ ಅವರಿಗೂ ಹೇಳಿ. ಲಾರ್ಡ್ ಬದಲು ಪೂರ್ತಿ ಬೆಣ್ಣೆ ಹಾಕಿದ್ರೂ ಚೆನ್ನಾಗೇ ಬರ್ತದೆ, ಮಾಡುವವರ ಹತ್ರ ಮೊದಲೇ ಕೇಳ್ಕೊಳ್ಳಿ.

ಹಾಸನದ ಸೊಸೆ (9 ಮೇ)

ಪಾರ್ಟಿ ಹೇಗಾಯ್ತು ಅಂತ ಹೇಳ್ತೀನಿ. ಪರ್ಮಿಷನ್ ಏಪ್ರಿಲ್‌ನಲ್ಲೇ ಬಂತು. ಧಾರವಾಡದ ಅಣ್ಣ ಹೇಳಿದ ಹಾಗೆ ಭಾನುವಾರ ಇಟ್ಕೊಂಡಿದ್ದು ಎಷ್ಟು ಒಳ್ಳೇದಾಯ್ತು ಅಂದ್ರೆ ಶನಿವಾರ ಪೂರ್ತಿ ಮಳೆ, ಲಂಡನ್‌ನಲ್ಲೂ ಮಳೆಗೆ ವಿಮಾನಗಳ ಹಾರಾಟ ಕಡಿಮೆ ಮಾಡಿ ಹೆಲಿಕಾಪ್ಟರು, ವಾಯುಪಡೆಯ ರೆಡ್ ಆರೋಸ್ ತಂಡದ ವಿಮಾನ ಮಾತ್ರ ಹಾರಿಸಿದ್ರಲ್ಲ. ಅಮ್ಮ ನಮ್ಮ ಮನೇಲೇ ಟಿವಿ ನೋಡಿದ್ರು, ರಿಷಿ ಸುನಕ್ ಬೈಬಲ್ ಓದೋಕೆ ಎದ್ದಾಗ ನನ್ನ ಕಡೆ ತಿರುಗಿ ನಿಮ್ಮೋರು ಅಂದ್ರು, ನಾನು ಅವರು ಸೌಥಾಂಪ್ಟನ್‌ನಲ್ಲಿ ಹುಟ್ಟಿದೋರು ನಿಮ್ಮೋರೇ ಅಂದೆ, ಇಬ್ರಿಗೂ ಖುಷಿ ಆಯ್ತು.

ಭಾನುವಾರ ನಮ್ಮ ಕಡೆ ಬಿಸಿಲು. ಬೀದಿ ಊಟ ಅಂತ ದೊಡ್ಡಕ್ಷರದಲ್ಲಿ ಹಾಕಿದ್ದಕ್ಕೋ ಏನೋ, ಯಾವತ್ತೂ ಮಾತಾಡ್ಸದ ಮೂಲೆ ಮನೆಯೋರೂ ಬಂದ್ರು. ಕೊನೇ ಮನೆ ಹುಡುಗನಿಗೆ ನಿಜವಾಗ್ಲೂ ಕಡಲೆಬೀಜ ಆಗಲ್ವಂತೆ, ಅವರಮ್ಮ ಚೀಟಿ ಎಲ್ಲ ಎರಡೆರಡು ಸಲ ಓದಿ ಆಮೇಲೆ ಅವನಿಗೆ ಬೀಜ ಇಲ್ಲದ ಪಾತ್ರೆಯಿಂದ ಬಡಿಸಿದ್ರು, ಹೊರಗಿನ ಊಟ ಇಷ್ಟು ಧೈರ್ಯವಾಗಿ ಯಾವತ್ತೂ ಕೊಟ್ಟಿರ್ಲಿಲ್ಲ ಅಂದ್ರು. ಕುಂದಾಪುರದ ಅತ್ತಿಗೆಗೆ ಇದನ್ನ ಹೇಳ್ಲೇಬೇಕಿತ್ತು. ವಡೆ ಮೊದಲು ಖಾಲಿ. ಸೋಮವಾರ ರಜೆ ಇದ್ದಿದ್ರಿಂದ ಕಸದ ಗಾಡಿ ಒಂದು ದಿನ ತಡ, ಪೇಪರ್ ಪ್ಲೇಟ್ ಚೀಲ ಇನ್ನೂ ನಮ್ಮ ಗ್ಯಾರೇಜ್‌ನಲ್ಲೇ ಇವೆ, ಮಾಡೋರು ಇದನ್ನ ಮುಂಚೇನೇ ಯೋಚಿಸಿ.

ಈಗ ಬೀದಿಯೋರೆಲ್ಲ ವರ್ಷಾ ವರ್ಷಾ ಮಾಡೋಣ ಅಂತಿದಾರೆ. ಪಟ್ಟಾಭಿಷೇಕ ಇಲ್ದೆ ಕೌನ್ಸಿಲ್ ರಸ್ತೆ ಕೊಡತ್ತಾ?

ಕೌನ್ಸಿಲ್ ಕನ್ನಡಿಗ (9 ಮೇ)

ಕೊಡತ್ತೆ. ಬಿಗ್ ಲಂಚ್ ಅಂತ, ಅಕ್ಕಪಕ್ಕದೋರು ಒಟ್ಟಿಗೆ ಊಟ ಮಾಡೋ ಕಾರ್ಯಕ್ರಮ, ಈಡನ್ ಪ್ರಾಜೆಕ್ಟ್ ಅನ್ನೋ ಸಂಸ್ಥೆಯೋರು 2009ರಿಂದ ನಡೆಸ್ತಿದಾರೆ, ಸಾಮಾನ್ಯವಾಗಿ ಜೂನ್ ಮೊದಲ ವಾರಾಂತ್ಯ, ಅವರ ಕಿಟ್ ಫ್ರೀ. ಫೀಸ್ ಮಾತ್ರ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಬೇರೆ ಬೇರೆ, ಬೀದಿ ಪಾರ್ಟಿಗೆ ಯಾವಾಗ್ಲೂ ಫ್ರೀ ಕೊಡೋವೂ ಇವೆ. ನಿಮ್ಮ ವಾರ್ಡ್ ಕೌನ್ಸಿಲರ್ ಮೊನ್ನೆ ತಾನೇ ಗೆದ್ದು ಬಂದಿದ್ರೆ ಕೇಳೋಕೆ ಇದೇ ಒಳ್ಳೆ ಸಮಯ, ಬೀದಿಯೋರೆಲ್ಲ ಸಹಿ ಹಾಕಿ ಒಂದು ಪತ್ರ ಈಗ್ಲೇ ಕೊಡಿ, ಮುಂದಿನ ವರ್ಷದ ಬಜೆಟ್ ಮಾತು ಶುರುವಾಗೋ ಮುಂಚೆ ಅವರ ಕೈಲಿರಲಿ.