ಹಳೆ ಗಾಡಿಯ ಗೀರು, ಹೊಸ ಬಾಟಲಿಗಳು: ಡೀಟೇಲರ್ ಜೊತೆ ಪ್ರಶ್ನೋತ್ತರ

(ಇದು ಒಂದು ಗುಂಪಿನ ಚಾಟ್. ಡೀಟೇಲರ್ ಅಂದರೆ ಗಾಡಿಯ ಮೈ ತೊಳೆದು ಪಾಲಿಶ್ ಮಾಡುವ ಕೆಲಸದವರು. ಉಳಿದವರ ಹೆಸರಿನ ಜಾಗದಲ್ಲಿ ಅವರವರ ಗಾಡಿ ಇದೆ.)

ಡೀಟೇಲರ್: ನಮಸ್ಕಾರ. ಹಳೆ ಗಾಡಿಯ ಗೀರಿಗೆ ಏನೇನು ಹಚ್ಚಿ ನೋಡಿದಿರಿ, ಏನಾಯಿತು, ಬರೆಯಿರಿ. ಬಣ್ಣ ಯಾವುದು ಹೇಳಿ. ಉಗುರನ್ನು ಗೀರಿಗೆ ಅಡ್ಡವಾಗಿ ಎಳೆದಾಗ ಸಿಕ್ಕಿಕೊಳ್ಳುತ್ತದಾ ಇಲ್ಲವಾ ಅದನ್ನೂ ಹೇಳಿ. ಫಾರ್ವರ್ಡ್ ವಿಡಿಯೋ ದಯವಿಟ್ಟು ಬೇಡ.

ಬೆಳ್ಳಿ ಸೆಡಾನ್: ಸರ್, ಹಿಂದಿನ ಬಾಗಿಲಲ್ಲಿ ಉದ್ದದ ಗೀರು. ಉಗುರು ಸಿಕ್ಕುತ್ತದೆ. ಸ್ಕ್ರ್ಯಾಚ್ ರಿಮೂವರ್ ಕ್ರೀಮ್ ಉಜ್ಜಿದೆ, ಮಾಯವಾಯಿತು. ನಾಲ್ಕು ಸಲ ತೊಳೆದ ಮೇಲೆ ಮತ್ತೆ ಹಾಗೇ ಇದೆ. ಮಾಲು ನಕಲಿಯಾ?

ಡೀಟೇಲರ್: ನಕಲಿ ಆಗಬೇಕಿಲ್ಲ. ಇಂಥ ಎಷ್ಟೋ ಕ್ರೀಮ್‌ಗಳಲ್ಲಿ ಎಣ್ಣೆ, ಮೇಣ ಇರುತ್ತವೆ. ಅವು ಗೀರಿನ ಒಳಗೆ ಕೂತು ಅದನ್ನು ಮುಚ್ಚುತ್ತವೆ. ತೊಳೆದಾಗ ಹೊರಟುಹೋಗುತ್ತವೆ. ಉಜ್ಜಿದ ತಕ್ಷಣ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ ನೋಡಿ. ಆಮೇಲೆ ಕಾಣುವುದೇ ನಿಜವಾದ ಫಲ. ಉಗುರು ಸಿಕ್ಕುವ ಗೀರನ್ನು ಪಾಲಿಶ್ ಪೂರ್ತಿ ತೆಗೆಯುವುದಿಲ್ಲ. ಅದಕ್ಕೆ ಗೀರಿನೊಳಗೆ ಹಚ್ಚುವ ಟಚ್‌ಅಪ್ ಪೇಂಟೇ ಬೇಕು. ತಳದಲ್ಲಿ ಲೋಹ ಕಾಣುತ್ತಿದ್ದರೆ ಬೇಗ ಮುಚ್ಚಿ, ತುಕ್ಕು ಕಾಯುವುದಿಲ್ಲ.

ಬಿಳಿ ವ್ಯಾನ್: ಟೂತ್‌ಪೇಸ್ಟ್‌ನಿಂದ ಎಲ್ಲ ಗೀರು ಹೋಗುತ್ತದೆ ಅಂತ ವಿಡಿಯೋ ಬಂದಿದೆ. ನಿಜವಾ ಸರ್?

ಡೀಟೇಲರ್: ಇಲ್ಲ. ಪೇಸ್ಟ್‌ನಲ್ಲಿ ಉಜ್ಜುವ ಪುಡಿ ಇದೆ, ಅದಕ್ಕೇ ಸ್ವಲ್ಪ ಹೊಳೆದ ಹಾಗೆ ಕಾಣುತ್ತದೆ. ಆ ಪುಡಿ ಹಲ್ಲಿಗೆ ಅಂತ ಮಾಡಿದ್ದು, ಪೇಂಟಿಗಲ್ಲ. ಹಳೆ ಗೀರಿನ ಪಕ್ಕ ನೂರು ಹೊಸ ಗೀರು ಬರುತ್ತವೆ.

ಕೆಂಪು ಹ್ಯಾಚ್‌ಬ್ಯಾಕ್: ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ. ಮೈತುಂಬ ಸಣ್ಣ ಸಣ್ಣ ಗೀರು, ಉಗುರು ಸಿಕ್ಕುವುದಿಲ್ಲ. ಕಾಂಪೌಂಡ್ (ಪಾಲಿಶ್‌ಗಿಂತ ಒರಟಾಗಿ ಉಜ್ಜುವ ಪೇಸ್ಟ್) ತಂದು ಕೈಯಲ್ಲೇ ಉಜ್ಜಿದೆ. ಬಾಗಿಲು ಉಜ್ಜಿದಾಗ ಬಟ್ಟೆಗೆ ಬಣ್ಣ ಹತ್ತಲಿಲ್ಲ. ಬಾನೆಟ್ ಉಜ್ಜಿದಾಗ ಬಟ್ಟೆ ಪೂರ್ತಿ ಕೆಂಪಾಯಿತು. ಆದರೆ ಹೊಳಪು ಸೂಪರ್ ಆಗಿ ಬಂದಿದೆ. ಮುಂದುವರಿಸಲಾ?

ಡೀಟೇಲರ್: ಸದ್ಯಕ್ಕೆ ನಿಲ್ಲಿಸಿ. ಕೆಂಪು ಬಂದಿದ್ದು ಇಡೀ ಬಾನೆಟ್‌ನಿಂದಲಾ, ಅಥವಾ ಅಂಚು ಮತ್ತು ಉಬ್ಬು ಗೆರೆಗಳ ಮೇಲೆ ಮಾತ್ರವಾ?

ಕಪ್ಪು ಜೀಪ್: ಸರ್, ಬಂಪರ್ ಪಕ್ಕದ ಕಪ್ಪು ಪ್ಲಾಸ್ಟಿಕ್ ಬೆಳ್ಳಗಾಗಿದೆ. ಏನು ಹಚ್ಚಬೇಕು?

ಕೆಂಪು ಹ್ಯಾಚ್‌ಬ್ಯಾಕ್: ಇಡೀ ಬಾನೆಟ್ ಸರ್, ಎಲ್ಲ ಕಡೆ ಒಂದೇ ಥರ. ಮಂಕಾದ ಕಲೆ ಎಲ್ಲೂ ಇಲ್ಲ.

ಡೀಟೇಲರ್: ಹಾಗಾದರೆ ನಾನು ಹೆದರಿದಷ್ಟು ಕೆಟ್ಟದಾಗಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಈಗಿನ ಬಹುತೇಕ ಗಾಡಿಗಳಲ್ಲಿ ಕೆಳಗೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಕಂಪನಿ ಪೇಂಟ್ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 40-50 ಅಷ್ಟೇ. ಪಾಲಿಶ್ ಅಂದರೆ ಗೀರನ್ನು ತುಂಬುವುದಲ್ಲ, ಗೀರಿನ ಸುತ್ತ ಇರುವ ಕ್ಲಿಯರ್ ಕೋಟನ್ನು ತೆಳುವಾಗಿ ಸವೆಸಿ ಸಮ ಮಾಡುವುದು. ನಿಮ್ಮ ಬಾಗಿಲಿನಲ್ಲಿ ಬಣ್ಣ ಹತ್ತಲಿಲ್ಲ, ಅಂದರೆ ಅಲ್ಲಿ ಕ್ಲಿಯರ್ ಇದೆ.

ಬಟ್ಟೆಗೆ ಬಣ್ಣ ಹತ್ತಿದರೆ ಎರಡು ಅರ್ಥ. ಒಂದು, ಕ್ಲಿಯರ್ ಸವೆದು ಬಣ್ಣ ತಲುಪಿದ್ದೀರಿ. ಇದು ಮೊದಲು ಅಂಚಿನಲ್ಲಿ, ಉಬ್ಬು ಗೆರೆಯಲ್ಲಿ ಆಗುತ್ತದೆ, ಯಾಕೆಂದರೆ ಪೇಂಟ್ ತೆಳುವಾಗಿರುವುದು ಅಲ್ಲೇ. ಅಲ್ಲಿ ಮಂಕು ಕಲೆ ಬೀಳುತ್ತದೆ, ಎಷ್ಟು ಉಜ್ಜಿದರೂ ಹೊಳೆಯುವುದಿಲ್ಲ. ಎರಡು, ಅಲ್ಲಿ ಕ್ಲಿಯರ್ ಇರಲೇ ಇಲ್ಲ, ಬಣ್ಣವೇ ಮೇಲಿನ ಪದರ. ಇದಕ್ಕೆ ಸಿಂಗಲ್ ಸ್ಟೇಜ್ ಅನ್ನುತ್ತೇವೆ. ಇಡೀ ಬಾನೆಟ್‌ನಿಂದ ಸಮವಾಗಿ ಬಣ್ಣ ಬಂದಿದೆ, ಹೊಳಪೂ ಬಂದಿದೆ. ನಿಮ್ಮದು ಇದೇ ಅಂತ ನನ್ನ ಅಂದಾಜು.

ಆದರೆ ಒಂದೇ ಗಾಡಿಯಲ್ಲಿ ಬಾಗಿಲಿಗೆ ಕ್ಲಿಯರ್ ಇದ್ದು ಬಾನೆಟ್‌ಗೆ ಇಲ್ಲ ಅಂದರೆ ಆ ಬಾನೆಟ್‌ಗೆ ಯಾವಾಗಲೋ ಮತ್ತೆ ಪೇಂಟ್ ಹೊಡೆದಿದ್ದಾರೆ. ಬಾನೆಟ್ ಎತ್ತಿ ಕೀಲಿನ ಬೋಲ್ಟ್ ನೋಡಿ, ಸ್ಪ್ಯಾನರ್ ಗುರುತು ಇದೆಯಾ? ಅಂಚಿನ ರಬ್ಬರ್ ಪಟ್ಟಿ (ಬೀಡಿಂಗ್) ಮೇಲೆ ಕೆಂಪು ಸಿಡಿದಿದೆಯಾ? ಒಳಗಡೆ ಟೇಪ್ ಅಂಟಿಸಿದ ಗೆರೆ ಕಾಣುತ್ತದಾ? ಪೇಂಟ್ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಬಾನೆಟ್, ಬಾಗಿಲು ಎರಡನ್ನೂ ಅಳೆದು ಹೋಲಿಸಿ. 200 ಮೈಕ್ರಾನ್ ದಾಟಿದರೆ ಅನುಮಾನ ಪಡಿ. ಸಾವಿರ ದಾಟಿದರೆ ಕೆಳಗೆ ಪುಟ್ಟಿ (ತಗ್ಗು ತುಂಬುವ ಪೇಸ್ಟ್) ಇದೆ.

ನೋಡಿ ಹೇಳಿ. ನನಗೂ ಕುತೂಹಲ.

ಬೆಳ್ಳಿ ಸೆಡಾನ್: ಅಯ್ಯೋ, ನನ್ನ ಬಟ್ಟೆಯೂ ಬೂದು ಬಣ್ಣವಾಗಿತ್ತು!

ಡೀಟೇಲರ್: ಕೊಳೆಯೂ ಇರಬಹುದು. ತೊಳೆದು, ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ, ಜೇಡಿಮಣ್ಣಿನಂಥ ಮೆತ್ತನೆ ಬಿಲ್ಲೆ) ಉಜ್ಜಿ, ಹೊಸ ಬಟ್ಟೆಯಲ್ಲಿ ನೋಡಿ. ಆಗಲೂ ಬಂದರೆ ಮುಂದೆ ಉಜ್ಜಬೇಡಿ.

ನೀಲಿ ವ್ಯಾಗನ್: ಇಷ್ಟೆಲ್ಲ ಯಾಕೆ? ಸೆರಾಮಿಕ್ ಕೋಟಿಂಗ್ ಮಾಡಿಸಿ ಮುಗಿಸಿ. 9ಎಚ್, ವಜ್ರದಷ್ಟು ಗಟ್ಟಿ. ಹಳೆ ಗೀರು ಮುಚ್ಚುತ್ತದೆ, ಹೊಸದು ಬೀಳುವುದೇ ಇಲ್ಲ.

ಬೂದು ಸೆಡಾನ್: ಯಾರು ಹೇಳಿದ್ದು? ನನ್ನ ಗಾಡಿಗೆ ಮಾಡಿಸಿದ್ದೇನೆ. ಗೀರು ಮೊದಲಿಗಿಂತ ಜಾಸ್ತಿ ಎದ್ದು ಕಾಣುತ್ತದೆ.

ನೀಲಿ ವ್ಯಾಗನ್: ಅಗ್ಗದ ಕಡೆ ಮಾಡಿಸಿರುತ್ತೀರಿ.

ಬೂದು ಸೆಡಾನ್: ನೀವು ನನ್ನ ಬಿಲ್ ನೋಡಿದ್ದೀರಾ? ಸುಮ್ನೆ ಏನಾದರೂ ಹೇಳಬೇಡಿ.

ಡೀಟೇಲರ್: 9ಎಚ್ ಅನ್ನುವುದು ಪೆನ್ಸಿಲ್ ಗಟ್ಟಿತನದ ಅಳತೆ, ವಜ್ರದ್ದಲ್ಲ. ಕೋಟಿಂಗ್ ಕೆಲವೇ ಮೈಕ್ರಾನ್ ದಪ್ಪ, ಪಾರದರ್ಶಕ. ಗೀರಿನ ಮೇಲೆ ಹಚ್ಚಿದರೆ ಗೀರು ಕೆಳಗೆ ಹಾಗೇ ಕಾಣುತ್ತದೆ. ಮರಳು ಕಣ ಅದನ್ನೂ ಗೀರುತ್ತದೆ. ಮೊದಲು ಪಾಲಿಶ್, ಆಮೇಲೆ ಕೋಟಿಂಗ್.

ಹಸಿರು ಹ್ಯಾಚ್‌ಬ್ಯಾಕ್: ಸೀಮೆಎಣ್ಣೆಯಲ್ಲಿ ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿದರೆ ಶೋರೂಮ್ ಹೊಳಪು ಅಂತ ಇನ್ನೊಂದು ಗುಂಪಿನಲ್ಲಿ ಬಂದಿತ್ತು. ಎಲ್ಲರಿಗೂ ಉಪಯೋಗವಾಗಲಿ ಅಂತ ಹಾಕಿದ್ದೇನೆ.

ಡೀಟೇಲರ್: ತೆಗೆಯಿರಿ. ಎಣ್ಣೆ ಹಚ್ಚಿದ ಗೀರು ಯಾವುದೇ ಗಾಡಿಯಲ್ಲಿ ಸ್ವಲ್ಪ ಹೊತ್ತು ಕಾಣುವುದಿಲ್ಲ. ಆಮೇಲೆ ಧೂಳು ಅದಕ್ಕೇ ಅಂಟುತ್ತದೆ. ಆ ಧೂಳನ್ನು ನೀವು ಒಣ ಬಟ್ಟೆಯಲ್ಲಿ ಒರೆಸುತ್ತೀರಿ. ಜೇಡರ ಬಲೆಯ ಹಾಗೆ ಸುತ್ತು ಸುತ್ತು ಗೀರು ಬರುವುದು ಹೀಗೇ. ಸೀಮೆಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ. ಬಿಸಿ ಬಾನೆಟ್ ಮೇಲೆ ಅದನ್ನು ಸುರಿಯಲು ಯಾರೂ ಹೇಳಬಾರದು.

ಹಸಿರು ಹ್ಯಾಚ್‌ಬ್ಯಾಕ್: ಒಳ್ಳೆಯದಕ್ಕೇ ಹಾಕಿದ್ದು. ಇಷ್ಟು ಕೋಪ ಯಾಕೆ?

ನೀಲಿ ವ್ಯಾಗನ್: ಅವರಿಗೆ ಗಿರಾಕಿ ಕಡಿಮೆಯಾಗುತ್ತದಲ್ಲ, ಅದಕ್ಕೆ.

ಬೂದು ಸೆಡಾನ್: ಪುಕ್ಕಟೆ ಉತ್ತರ ಕೊಡುವವರಿಗೆ ಈ ಮಾತಾ? ಇಷ್ಟ ಇಲ್ಲ ಅಂದರೆ ಗುಂಪು ಬಿಡಿ.

ನೀಲಿ ವ್ಯಾಗನ್: ನೀವು ಅಡ್ಮಿನ್ ಅಲ್ಲ.

ಕಪ್ಪು ಜೀಪ್: ನನ್ನ ಪ್ಲಾಸ್ಟಿಕ್ ಪ್ರಶ್ನೆ ಯಾರೂ ನೋಡಲೇ ಇಲ್ಲ ಅಂತ ಕಾಣುತ್ತದೆ.

ಕಂದು ವ್ಯಾನ್: ಹೆಡ್‌ಲೈಟ್ ಹಳದಿಯಾಗಿದೆ. ಅದಕ್ಕಾದರೂ ಟೂತ್‌ಪೇಸ್ಟ್ ಆಗುತ್ತದಾ?

ಡೀಟೇಲರ್: ಸ್ವಲ್ಪ ದಿನ ತಿಳಿಯಾಗುತ್ತದೆ. ಹೆಡ್‌ಲೈಟ್ ಗಾಜಲ್ಲ, ಪಾಲಿಕಾರ್ಬೊನೇಟ್. ಬಿಸಿಲು ತಡೆಯುವ ಪದರ ಹೋಗಿದ್ದಕ್ಕೆ ಹಳದಿಯಾಗಿದೆ. ಉಜ್ಜಿದ ಮೇಲೆ ಹೊಸ ಯುವಿ ಪದರ ಹಾಕದಿದ್ದರೆ ಮತ್ತೆ ಹಳದಿ.

ಕೆಂಪು ಹ್ಯಾಚ್‌ಬ್ಯಾಕ್: ಸರ್, ನೋಡಿದೆ. ಎರಡು ಬೋಲ್ಟ್ ತಲೆಯಲ್ಲಿ ಪೇಂಟ್ ಕಿತ್ತಿದೆ. ಬೀಡಿಂಗ್ ಮೇಲೆ ಕೆಂಪು ಚುಕ್ಕೆಗಳಿವೆ. ಮಾರಿದವರು ಒಂದು ಗೀರೂ ರಿಪೇರಿ ಮಾಡಿಸಿಲ್ಲ ಅಂದಿದ್ದರು!

ಡೀಟೇಲರ್: ಹಾಗಾದರೆ ಬಾನೆಟ್ ಬಿಚ್ಚಿ ಪೇಂಟ್ ಹೊಡೆದಿದ್ದಾರೆ. ಕೀಲಿನ ಜಾಗ, ಮುಂದಿನ ಅಡ್ಡಪಟ್ಟಿ ಸೊಟ್ಟಗಾಗಿ ನೇರ ಮಾಡಿದ ಗುರುತಿದೆಯಾ ಅಂತ ಮೆಕ್ಯಾನಿಕ್‌ಗೆ ತೋರಿಸಿ. ಪಾಲಿಶ್‌ಗಿಂತ ಅದು ಮುಖ್ಯ.

ಪೇಂಟ್ ವಿಷಯಕ್ಕೆ ಬಂದರೆ, ಸಿಂಗಲ್ ಸ್ಟೇಜ್‌ನಲ್ಲಿ ಸ್ವಲ್ಪ ಬಣ್ಣ ಬರುವುದು ಸಹಜ. ಆದರೆ ಬಟ್ಟೆ ಪೂರ್ತಿ ಕೆಂಪಾಗುವಷ್ಟು ಬೇಡ. ಕಾಂಪೌಂಡ್ ಬಾನೆಟ್‌ಗೆ ಇನ್ನು ಮುಟ್ಟಿಸಬೇಡಿ. ನುಣ್ಣನೆಯ ಪಾಲಿಶ್ ತನ್ನಿ. ನೆರಳಲ್ಲಿ, ಬಾನೆಟ್ ತಣ್ಣಗಿದ್ದಾಗ, ಎರಡು ಅಡಿ ಜಾಗದಲ್ಲಿ ಮಾತ್ರ ಮೊದಲು ಮಾಡಿ ನೋಡಿ. ಅಂಚಿಗೆ ಟೇಪ್ ಅಂಟಿಸಿ. ಬೂದು ಅಥವಾ ಬಿಳಿ ಪ್ರೈಮರ್ ಇಣುಕಿದರೆ ಅಲ್ಲಿಗೆ ಕೆಲಸ ಮುಗಿಯಿತು, ಮುಂದೆ ಪೇಂಟರ್‌ನದೇ. ಹೊಳಪು ಬಂದ ಮೇಲೆ ವ್ಯಾಕ್ಸ್ ಹಾಕಿ. ಕ್ಲಿಯರ್ ಇಲ್ಲದ ಕೆಂಪು ಬಿಸಿಲಿಗೆ ಬೇಗ ಮಂಕಾಗುತ್ತದೆ. ಉಳಿದ ಸಣ್ಣ ಗೀರುಗಳನ್ನು ಬಿಟ್ಟುಬಿಡಿ. ಹಳೆ ಗಾಡಿಗೆ ಪೇಂಟ್ ಉಳಿಯುವುದು ಮುಖ್ಯ, ಕನ್ನಡಿ ಹೊಳಪಲ್ಲ.

ಬಿಳಿ ವ್ಯಾನ್: ಸರ್, ಒಂದೇ ಡೌಟು. ಟೂತ್‌ಪೇಸ್ಟ್ ಬಿಳಿದು ತಗೊಳ್ಳಬೇಕಾ, ಜೆಲ್ಲಾ?

ಡೀಟೇಲರ್: ಹಲ್ಲಿಗೆ ಯಾವುದಾದರೂ ಆಗುತ್ತದೆ.

ನೀಲಿ ವ್ಯಾಗನ್: ನೋಡಿ, ಇದೇ ಅಹಂಕಾರ.

ಕೆಂಪು ಹ್ಯಾಚ್‌ಬ್ಯಾಕ್: ಸರ್, ಬಾಗಿಲಿಗೆ ಅದೇ ಕಾಂಪೌಂಡ್ ಬಳಸಬಹುದಾ?

ಡೀಟೇಲರ್: ಅದಕ್ಕೂ ಮೊದಲು ನುಣ್ಣನೆಯ ಪಾಲಿಶ್ ಹಾಕಿ ನೋಡಿ. ಸಾಲದಿದ್ದರೆ ಮಾತ್ರ ಕಾಂಪೌಂಡ್.