ಕಾಪಿರೈಟಿಂಗ್ ಪ್ರಶ್ನೋತ್ತರ: ಸಕ್ಕರೆ ಕಾಯಿಲೆ ಪುಡಿಗೆ ಜಾಹೀರಾತು ಬರೆಯಲಾ ಮೇಡಂ?

ಅಡ್ಮಿನ್: ಈ ಭಾನುವಾರ ನಮ್ಮ ಜೊತೆ ಹಿರಿಯ ಕಾಪಿರೈಟರ್ (ಜಾಹೀರಾತು ಬರಹಗಾರ್ತಿ) ಮೇಡಂ ಇದ್ದಾರೆ. ಏಜೆನ್ಸಿಯಲ್ಲಿ 11 ವರ್ಷ, ಆಮೇಲೆ ಸ್ವಂತವಾಗಿ 11 ವರ್ಷ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಮೆಸೇಜ್ ಬೇಡ.

ಹೊಸ ಬರಹ: ನಮಸ್ತೆ ಮೇಡಂ. ಒಂದು ಪದಕ್ಕೆ ಎಷ್ಟು ರೇಟ್ ಕೇಳಬೇಕು?

ಮೇಡಂ: ನಮಸ್ತೆ. ಅನುವಾದಕ್ಕೆ ಪದದ ಲೆಕ್ಕ ಸರಿ, ಜಾಹೀರಾತಿಗೆ ಬೇಡ. ಹೋರ್ಡಿಂಗ್ ಮೇಲೆ ಇರುವುದು ನಾಲ್ಕೇ ಪದ. ಆ ನಾಲ್ಕು ಪದಕ್ಕಾಗಿ ಎರಡು ದಿನ ಕೂತು, ಐವತ್ತು ಸಾಲು ಬರೆದು ಹೊಡೆದುಹಾಕಿರುತ್ತೇವೆ. ಈ ಕೆಲಸಕ್ಕೆ ಇಷ್ಟು ಎಂದು ಒಟ್ಟು ಹೇಳಿ. ಎಷ್ಟು ಸಲ ತಿದ್ದಿಕೊಡುತ್ತೀರಿ ಅನ್ನೋದನ್ನೂ ಮೊದಲೇ ಬರೆದುಕೊಡಿ. ನಾನು ಎರಡು ಸಲ ತಿದ್ದಿಕೊಡುತ್ತೇನೆ, ಮೂರನೆಯದಕ್ಕೆ ಬೇರೆ ಹಣ.

ಧಾರವಾಡದ ಅಕ್ಷರ: ಮೇಡಂ, ನಾನು ಸರಿಯಾಗೇ ಟೈಪ್ ಮಾಡಿ ಕಳಿಸಿದ್ದೆ. ಫ್ಲೆಕ್ಸ್‌ನಲ್ಲಿ ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಬಂದಿದೆ. 'ಅಕ್ಕಿ' ಹೋಗಿ 'ಅಕ್‌ಕಿ' ಆಗಿದೆ. ಕ್ಲೈಂಟ್ ನನ್ನನ್ನೇ ಬೈತಿದ್ದಾರೆ.

ಮೇಡಂ: ತಪ್ಪು ನಿಮ್ಮದಲ್ಲ. ಫೋಟೋಶಾಪ್‌ನಲ್ಲಿ ಭಾರತೀಯ ಲಿಪಿಗಳಿಗೆ ಬೇರೆ ಸೆಟ್ಟಿಂಗ್ ಇದೆ, ಡಿಸೈನರ್ ಅದನ್ನು ಹಾಕಿಲ್ಲ. ಎಷ್ಟೋ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟ್ ಓಡುತ್ತಿದೆ. ಅಲ್ಲಿಗೆ ಯೂನಿಕೋಡ್ (ಈಗ ಫೋನ್, ಕಂಪ್ಯೂಟರ್‌ನಲ್ಲಿ ಬಳಸುವ ಅಕ್ಷರ ವ್ಯವಸ್ಥೆ) ಹಾಗೇ ಕಳಿಸಬೇಡಿ, ನುಡಿಗೆ ಬದಲಾಯಿಸಿ ಕೊಡಿ. ಜೊತೆಗೆ ಒಂದು ಪಿಡಿಎಫ್ ಕಳಿಸಿ, 'ಹೀಗೇ ಕಾಣಬೇಕು' ಅಂತ. ಅಚ್ಚಿಗೆ ಹೋಗುವ ಮುಂಚೆ ಪ್ರೂಫ್ ಕೇಳಿ. ಅಂಗಡಿ ಬೋರ್ಡ್‌ಗಳಲ್ಲಿ ಶೇ. 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದುಪಡಿ ಆಯ್ತಲ್ಲ, ಆಗ ಇಂಥ ತಪ್ಪಿರುವ ಬೋರ್ಡ್ ಎಷ್ಟು ನೋಡಿದೆನೋ. ಹೊಟ್ಟೆ ಉರಿಯುತ್ತದೆ.

ಬೆಣ್ಣೆನಗರಿ: ಮೇಡಂ, ನಾನು ದಾವಣಗೆರೆಯವಳು. ಕೆಲಸ ಶುರು ಮಾಡಿ ಮೂರು ತಿಂಗಳಾಯಿತು. ಸಕ್ಕರೆ ಕಾಯಿಲೆ ಪುಡಿ ಮಾರುವವರು ಹತ್ತು ಫೇಸ್‌ಬುಕ್ ಜಾಹೀರಾತು ಕೇಳಿದ್ದಾರೆ. 12,000 ಕೊಡ್ತಾರೆ, 6,000 ಮುಂಗಡ ಬಂದಿದೆ. '90 ದಿನದಲ್ಲಿ ಇನ್ಸುಲಿನ್‌ಗೆ ವಿದಾಯ' ಎಂದು ಬರೀಬೇಕಂತೆ. ಜೊತೆಗೆ ಆರು ಜನ ಗುಣವಾದವರ ಮಾತು ಬೇಕಂತೆ. ಜನ ಯಾರು ಅಂತ ಕೇಳಿದೆ. 'ನೀವೇ ಬರೀರಿ, ಒಬ್ಬರು ರಿಟೈರ್ಡ್ ಮೇಷ್ಟ್ರು ಇರಲಿ' ಅಂದರು. ಬರೆಯಬಹುದಾ?

ಮೇಡಂ: ಬರೆಯಬೇಡಮ್ಮ. ಉಳಿದವರು ಸ್ವಲ್ಪ ಕಾಯಿರಿ, ಇದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ.

1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆ ಅಂತ ಒಂದಿದೆ. ಕೆಲವು ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಹಾಕುವುದನ್ನೇ ಅದು ನಿಷೇಧಿಸುತ್ತದೆ. ಆ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಇದೆ. ಕ್ಯಾನ್ಸರ್, ಬಿಪಿ, ಬೊಜ್ಜು, ಪಾರ್ಶ್ವವಾಯು ಕೂಡ ಇವೆ. ಕಾಯ್ದೆ ಹಿಡಿಯುವುದು ಕಂಪನಿಯನ್ನು ಮಾತ್ರ ಅಲ್ಲ. ಅಂಥ ಜಾಹೀರಾತಿನ ಪ್ರಕಟಣೆಯಲ್ಲಿ ಯಾರೂ ಯಾವ ಪಾತ್ರವನ್ನೂ ವಹಿಸಬಾರದು ಎನ್ನುತ್ತದೆ. ಬರೆದವಳು ನೀನು ಅಂತ ವಾಟ್ಸಾಪ್‌ನಲ್ಲೇ ಸಾಕ್ಷಿ ಇರುತ್ತದೆ.

ಡಬ್ಬಿಯ ಫೋಟೋ ತರಿಸಿ ನೋಡು. ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ನಂಬರ್ ಇದ್ದರೆ ಅವರು ಅದಕ್ಕೆ ಲೈಸೆನ್ಸ್ ತೆಗೆದುಕೊಂಡಿರುವುದು ಆಹಾರ ಅಂತ. ಆಹಾರ ಅಂತ ಲೈಸೆನ್ಸ್, ಔಷಧಿ ಅಂತ ವ್ಯಾಪಾರ. ಆಹಾರದ ಕಾನೂನಿನಲ್ಲೂ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ.

ಕಾನೂನು ಪಕ್ಕಕ್ಕಿಡು. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದ ಸಕ್ಕರೆ ಕಾಯಿಲೆ, ಇರುವ ಮಗು ಇನ್ಸುಲಿನ್ ಮೇಲೆಯೇ ಬದುಕಿರುತ್ತದೆ. ನಿನ್ನ ಸಾಲು ಓದಿ ಆ ತಾಯಿ ಇಂಜೆಕ್ಷನ್ ನಿಲ್ಲಿಸಿದರೆ ಕೆಲವೇ ದಿನದಲ್ಲಿ ಮಗು ಐಸಿಯು ಸೇರುತ್ತದೆ. 90 ದಿನ ಯಾರು ಕಾಯುತ್ತಾರೆ?

ನಾನು ಏಜೆನ್ಸಿಯಲ್ಲಿದ್ದಾಗ ಮಂಡಿ ನೋವಿನ ಎಣ್ಣೆಗೆ ಬರೆದಿದ್ದೆ. ಮೂರು ತಿಂಗಳಾದ ಮೇಲೆ ನಮ್ಮೂರಿನ ಮೆಡಿಕಲ್ ಶಾಪ್‌ನಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಎಲೆಅಡಿಕೆ ಚೀಲದಿಂದ ಪೇಪರಿನ ತುಂಡೊಂದನ್ನು ತೆಗೆದರು. ಮಡಿಸಿ ಮಡಿಸಿ ಮಡಿಕೆಯಲ್ಲೇ ಹರಿದಿತ್ತು, ಸುಣ್ಣದ ಕಲೆ ಬೇರೆ. ನನ್ನ ಜಾಹೀರಾತು ಅದು. 'ಇದೇ ಕೊಡಪ್ಪ, ಮೆಟ್ಟಿಲು ಹತ್ತಬಹುದಂತೆ' ಅಂದರು. ನಾಲ್ಕನೇ ಬಾಟಲಿಯಂತೆ. ಆ ಮೆಟ್ಟಿಲಿನ ಸಾಲು ನಾನು ಮೇಜಿನ ಮುಂದೆ ಕೂತು ಹೊಸೆದದ್ದು. ಅವತ್ತಿಂದ ಕಾಯಿಲೆ ವಾಸಿಯಾಗುತ್ತದೆ ಅನ್ನುವ ಒಂದು ಸಾಲೂ ಬರೆದಿಲ್ಲ.

ಇವತ್ತೇ ಮುಂಗಡ ವಾಪಸ್ ಹಾಕು. 'ಈ ಸಾಲುಗಳನ್ನು ನಾನು ಬರೆಯಲಾರೆ, 6,000 ಹಿಂದಿರುಗಿಸಿದ್ದೇನೆ' ಎಂದು ಬರಹದಲ್ಲೇ ತಿಳಿಸು. ಫೋನ್‌ನಲ್ಲಿ ವಾದ ಮಾಡಲು ಹೋಗಬೇಡ.

ಕಲ್ಪತರು: ಅಷ್ಟು ಭಯ ಬೇಡ. ನನಗೆ ಬಂದ ಮೆಸೇಜ್ ಇದು: 'ಜಾಹೀರಾತಿನ ಕೆಳಗೆ "ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು" ಅಂತ ಚಿಕ್ಕದಾಗಿ ಹಾಕಿದರೆ ಬರೆದವರ ಮೇಲೆ ಕೇಸ್ ಆಗುವುದಿಲ್ಲ. ಎಲ್ಲ ಬರಹಗಾರರಿಗೂ ಕಳಿಸಿ.'

ಮೇಡಂ: ಇದು ಸುಳ್ಳು. ದೊಡ್ಡ ಅಕ್ಷರದಲ್ಲಿ 'ಗುಣವಾಗುತ್ತದೆ' ಅಂತ ಬರೆದು, ಇರುವೆ ಗಾತ್ರದಲ್ಲಿ 'ಆಗದೇ ಇರಬಹುದು' ಅಂದರೆ ನಿಷೇಧ ಹೋಗುವುದಿಲ್ಲ. ಯಾರೂ ಇದನ್ನು ಮುಂದೆ ಕಳಿಸಬೇಡಿ.

ಬಯಲುಸೀಮೆ: ಪುಡಿ ಆಯುರ್ವೇದದ್ದಾದರೆ ಈ ಕಾಯ್ದೆ ಬರುವುದಿಲ್ಲ. ನಮ್ಮ ತಂದೆ ನೇರಳೆ ಬೀಜದ ಪುಡಿ ತಗೊಂಡು ಶುಗರ್ ಕಂಟ್ರೋಲ್‌ನಲ್ಲಿದೆ. ನಮ್ಮ ಪದ್ಧತಿ ಅಂದರೆ ಎಲ್ಲರಿಗೂ ಅಸಡ್ಡೆ.

ಕಡಲತಡಿ: ತಂದೆಯವರು ಮಾತ್ರೆ ನಿಲ್ಲಿಸಿದ್ದಾರಾ ಸರ್?

ಬಯಲುಸೀಮೆ: ಮಾತ್ರೆನೂ ತಗೋತಾರೆ.

ಕಡಲತಡಿ: ಮತ್ತೆ ಕಂಟ್ರೋಲ್ ಮಾಡಿದ್ದು ಪುಡಿ ಅಂತ ಹೇಗೆ ಹೇಳ್ತೀರಿ?

ಬಯಲುಸೀಮೆ: ನಮ್ಮ ಮನೆ ವಿಷಯ ನಿಮಗೆ ಬೇಡ.

ಕಡಲತಡಿ: ಗ್ರೂಪಿಗೆ ತಂದವರು ನೀವು. ನನ್ನ ಚಿಕ್ಕಪ್ಪ ಇಂಥದ್ದನ್ನೇ ನಂಬಿ ಕಾಲಿನ ಎರಡು ಬೆರಳು ಕಳೆದುಕೊಂಡರು.

ಮೇಡಂ: ಇಬ್ಬರೂ ನಿಲ್ಲಿಸಿ. ಆಯುರ್ವೇದಕ್ಕೂ ಈ ಕಾಯ್ದೆ ಅನ್ವಯಿಸುತ್ತದೆ. ನಾನು ಪದ್ಧತಿಯ ಬಗ್ಗೆ ಒಂದು ಮಾತೂ ಆಡಿಲ್ಲ, ಹೇಳಿದ್ದೆಲ್ಲ ಜಾಹೀರಾತಿನ ಬಗ್ಗೆ.

ಹೇಮಾವತಿ: ಮೇಡಂ, ಎಐ ಬಂದ ಮೇಲೆ ನಮಗೆ ಕೆಲಸ ಉಳಿಯುತ್ತದಾ?

ಕೋಟೆ ಬರಹ: ಕ್ಲೈಂಟ್ ನಾಲ್ಕು ತಿಂಗಳಿಂದ ಪೇಮೆಂಟ್ ಕೊಟ್ಟಿಲ್ಲ. ಏನು ಮಾಡಲಿ?

ಮೇಡಂ: ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಇದೆಯಾ? ಇದ್ದರೆ ಸಣ್ಣ ಉದ್ಯಮಗಳ (ಎಂಎಸ್‌ಎಂಇ) ಸಚಿವಾಲಯದ ಪೋರ್ಟಲ್‌ನಲ್ಲಿ ಬಾಕಿ ಹಣದ ದೂರು ಹಾಕಿ. ಬರಹದಲ್ಲಿ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಹಣ ತಡೆಯುವಂತಿಲ್ಲ. ಆಮೇಲೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇಲ್ಲದವರು ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ನೋಂದಣಿ ಮಾಡಿಸಿ. ಅದು ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ.

ಶರಾವತಿ: ಮೇಡಂ ಪೇಮೆಂಟ್ ಬಂದಿಲ್ಲ, ಆರು ತಿಂಗಳಾಯ್ತು.

ಮೇಡಂ: ಮೇಲೆ ಓದಿ.

ಕಲ್ಪತರು: ಪೇಮೆಂಟ್ ಬರದವರಿಗೆ: 'ಈ ನೋಟಿಸ್ ಅನ್ನು ವಾಟ್ಸಾಪ್ ಮಾಡಿ, ಐಪಿಸಿ 420ರಲ್ಲಿ 24 ಗಂಟೆಯಲ್ಲಿ ಅರೆಸ್ಟ್…'

ಮೇಡಂ: 2024ರ ಜುಲೈ 1ರಿಂದ ಐಪಿಸಿಯೇ ಇಲ್ಲ, ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಬಿಲ್ ಬಾಕಿ ಅನ್ನೋದು ಸಿವಿಲ್ ವಿಷಯ, ಅದಕ್ಕೆ ಸುಮ್ನೆ ಅರೆಸ್ಟ್ ಆಗುವುದಿಲ್ಲ. ಇದನ್ನು ಕಳಿಸಿದವರನ್ನೇ ಬೆದರಿಕೆ ಹಾಕಿದಿರಿ ಅಂತ ತಿರುಗಿಸಿ ಹಿಡಿಯಬಹುದು. ಓದದೆ ಯಾಕೆ ಹಾಕುತ್ತೀರಿ?

ಕಲ್ಪತರು: ಸಹಾಯ ಮಾಡೋಣ ಅಂತ ಹಾಕಿದೆ. ಎಲ್ಲದಕ್ಕೂ ಬೈದರೆ ಹೇಗೆ?

ಮೇಡಂ: ಇದರಿಂದ ಯಾರಿಗೂ ಸಹಾಯ ಆಗುವುದಿಲ್ಲ.

ನಿತ್ಯ ಬರಹ: ಬಿಲ್‌ನಲ್ಲಿ ಶೇ. 10 ಕತ್ತರಿಸಿದ್ದಾರೆ. ಮೋಸ ಅಲ್ವಾ?

ಮೇಡಂ: ಮೋಸ ಅಲ್ಲ, ಟಿಡಿಎಸ್, ಅಂದರೆ ಮೊದಲೇ ಕತ್ತರಿಸುವ ಆದಾಯ ತೆರಿಗೆ. ರಿಟರ್ನ್ ಹಾಕಿ.

ಮಲ್ಲಿಗೆ ಮಾತು: ನಾನು ಬರೆದದ್ದನ್ನು ಹಣ ಕೊಡದೆ ವೆಬ್‌ಸೈಟ್‌ಗೆ ಹಾಕಿಕೊಂಡಿದ್ದಾರೆ. ಹಕ್ಕು ಯಾರದ್ದು ಮೇಡಂ?

ಮೇಡಂ: ನೀವು ನೌಕರರಲ್ಲ, ಸಹಿ ಹಾಕಿ ಬರೆದುಕೊಟ್ಟಿಲ್ಲ ಅಂದರೆ ಹಕ್ಕು ನಿಮ್ಮದು. ಕಾಪಿರೈಟ್ ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. 'ಪೂರ್ತಿ ಹಣ ಬಂದ ಮೇಲೆ ಹಕ್ಕು ವರ್ಗಾವಣೆ' ಅನ್ನುವ ಸಾಲನ್ನು ಇನ್ನು ಮೇಲೆ ಕೊಟೇಶನ್‌ನಲ್ಲೇ ಹಾಕಿ.

ಹೇಮಾವತಿ: ಮೇಡಂ, ನನ್ನ ಎಐ ಪ್ರಶ್ನೆ…

ಹೊಸ ಬರಹ: ರೇಟ್ ಎಷ್ಟು ಅಂತ ಅಂಕಿ ಹೇಳಲೇ ಇಲ್ಲ ಮೇಡಂ.

ಬೆಣ್ಣೆನಗರಿ: ಮೇಡಂ, ಹಣ ವಾಪಸ್ ಹಾಕಿದೆ. ಒಂದು ವಿಷಯ ಮೊದಲು ಹೇಳಿರಲಿಲ್ಲ, ಭಯ ಆಗಿತ್ತು. ಮೇಷ್ಟ್ರ ಮಾತು ಮೊನ್ನೆಯೇ ಬರೆದು ಕಳಿಸಿಬಿಟ್ಟಿದ್ದೆ. ಈಗ ನೋಡಿದರೆ ಅವರ ಪೇಜ್‌ನಲ್ಲಿದೆ. ಕೆಳಗೆ ಒಬ್ಬ ತಾಯಿ 'ನನ್ನ ಮಗನಿಗೆ 9 ವರ್ಷ, ಕೊಡಬಹುದಾ' ಅಂತ ಕೇಳಿದ್ದಾರೆ.

ಮೇಡಂ: ಮೊದಲು ಆ ತಾಯಿಗೆ ಉತ್ತರ ಬರಿ. 'ಇನ್ಸುಲಿನ್ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ' ಅಂತ, ಈಗಲೇ. ಅವರಿಗೇ ನೇರವಾಗಿ ಮೆಸೇಜ್ ಮಾಡು, ಪೇಜ್‌ನವರು ಕಾಮೆಂಟ್ ಅಳಿಸಬಹುದು. ಆಮೇಲೆ ಸ್ಕ್ರೀನ್‌ಶಾಟ್ ತೆಗೆದಿಡು. 'ಆ ಬರಹ ಕಲ್ಪಿತ, ತೆಗೆಯಿರಿ' ಅಂತ ಕಂಪನಿಗೆ ಈಮೇಲ್ ಹಾಕು. ಫೇಸ್‌ಬುಕ್‌ಗೂ ರಿಪೋರ್ಟ್ ಮಾಡು. ಆಯ್ತಾ?

ಶರಾವತಿ: ಉದ್ಯಮ್ ನೋಂದಣಿಗೆ ಪಾನ್ ಬೇಕಾ ಮೇಡಂ?

ಮೇಡಂ: ಬೆಣ್ಣೆನಗರಿ, ಆ ತಾಯಿಗೆ ಮೆಸೇಜ್ ಹೋಯಿತಾ?

ಬೆಣ್ಣೆನಗರಿ: ಹೋಯಿತು ಮೇಡಂ. ಇನ್ನೂ ನೋಡಿಲ್ಲ.