ಸಹಾಯ ಬೇಕು: ಶಾಲೆಗೇ ಟಿಸಿ ಕೊಡ್ತಿದ್ದೇವೆ, ಬರೆಯೋದು ಹೇಗೆ?

ಅಣ್ಣಂದಿರೇ, ಅಕ್ಕಂದಿರೇ, ನಮಸ್ಕಾರ. ನಾವು ಕಲಬುರಗಿಯ ಒಂದು ಸರ್ಕಾರಿ ಹೈಸ್ಕೂಲಿನ ಹತ್ತನೇ ಕ್ಲಾಸಿನವರು. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅದಕ್ಕೆ ಮುಂಚೆ ಬೀಳ್ಕೊಡುಗೆ. ಪ್ರತಿ ವರ್ಷದ ಹಾಗೆ ಅತ್ತು ಭಾಷಣ ಮಾಡೋದು ಬೇಡ, ಎಲ್ಲರನ್ನೂ ನಗಿಸಿಯೇ ಹೋಗಬೇಕು ಅಂತ ನಮ್ಮ ಆಸೆ.

ಶಾಲೆ ನಮಗೆ ಟಿಸಿ ಕೊಡುತ್ತೆ ಅಲ್ವಾ, ನಾವೇ ಶಾಲೆಗೆ ಒಂದು ಟಿಸಿ ಬರೆದು ವೇದಿಕೆ ಮೇಲೆ ಓದುತ್ತೇವೆ. ಗುರುತಿನ ಚಿಹ್ನೆ: ಹತ್ತನೇ ಕ್ಲಾಸಿನ ಹಿಂದಿನ ಗೋಡೆ ಮೇಲೆ ಮಳೆನೀರು ಇಳಿದು ಆದ ಕಲೆ, ನೋಡಿದರೆ ಥೇಟ್ ಒಂಟೆ. ಹಾಜರಿ: ತೊಗರಿ ರಾಶಿ ಟೈಮಲ್ಲಿ ಅರ್ಧ ಕ್ಲಾಸ್ ಹೊಲದಲ್ಲಿ. ಗುಣನಡತೆ: ಒಳ್ಳೆಯದು, ಆದರೆ ಬೆಲ್ ಮಾತ್ರ ಬೆಳಿಗ್ಗೆ ಬೇಗ, ಸಂಜೆ ಲೇಟು. ಇಷ್ಟು ಆಗಿದೆ. 'ಶಾಲೆ ಬಿಡಲು ಕಾರಣ' ಅನ್ನೋ ಕಾಲಮ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ, ಎಷ್ಟು ಬರೆದರೂ ಅಳು ಬರೋ ಸಾಲೇ ಬರುತ್ತೆ.

ಇನ್ನೊಂದು ವಿಷಯ. ನಮ್ಮ ಸಮಾಜ ಸರ್ ಯಾರು ನಿದ್ದೆ ಮಾಡಿದರೂ ಎಬ್ಬಿಸಿ 'ಬಹಮನಿ ರಾಜ್ಯ ಶುರುವಾಗಿದ್ದು ಯಾವಾಗ?' ಅಂತ ಕೇಳೋರು, ಇಡೀ ಕ್ಲಾಸ್ '1347' ಅಂತ ಕೂಗೋದು. ಅದನ್ನ ಮಿಮಿಕ್ರಿ ಮಾಡಬೇಕು ಅಂತಿದೆ. ಅವರು ಈ ವರ್ಷವೇ ರಿಟೈರ್ ಆಗ್ತಾರೆ, ಅವರ ಮನಸ್ಸಿಗೆ ಸ್ವಲ್ಪವೂ ನೋವಾಗಬಾರದು. ಮೊದಲೇ ಅವರನ್ನ ಕೇಳಬೇಕಾ, ಅಥವಾ ಸುಮ್ನೆ ಮಾಡಿಬಿಡೋದಾ?

ನಾಟಕ, ಹಾಸ್ಯ ಬರೆದು ರೂಢಿ ಇರೋರು ದಯವಿಟ್ಟು ಕೆಳಗೆ ಹೇಳಿ. ಪೂರ್ತಿ ಬರೆದಿದ್ದನ್ನ ಓದಿ ತಿದ್ದಿಕೊಡೋರು ಸಿಕ್ಕರೆ ಇನ್ನೂ ಒಳ್ಳೆಯದು.